ಹೀಟರ್ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ: ಹಳೇ ಕಾರಿನಲ್ಲಿ ತಪ್ಪು ಎಲ್ಲಿ?

(ಶಾಟ್: ಡ್ಯಾಶ್‌ಬೋರ್ಡ್‌ನ ಎಡ, ಬಲ ವೆಂಟ್‌ಗಳಿಗೆ ಸಿಕ್ಕಿಸಿದ ಎರಡು ಥರ್ಮಾಮೀಟರ್)

ಬಲಗಡೆ ವೆಂಟ್ 46 ಡಿಗ್ರಿ. ಎಡಗಡೆ 29. ಹೀಟರ್ ಒಂದೇ, ನಾಬ್ ಒಂದೇ.

ನಮಸ್ಕಾರ. ಇದು ನನ್ನ 2003ರ ಮಾಡೆಲ್ ಗಾಡಿ. ಡಿಸೆಂಬರ್‌ನಲ್ಲಿ ಮಡಿಕೇರಿಯಿಂದ ಬೆಳಗಿನ ಜಾವ ಹೊರಟಿದ್ದೆವು. ಪಕ್ಕದ ಸೀಟಿನಲ್ಲಿದ್ದ ಅಮ್ಮ, "ಹೀಟರ್ ಹಾಕು ಅಂದ್ರೆ ಎಸಿ ಹಾಕಿದ್ದೀಯಲ್ಲೋ" ಅಂದರು. ನನಗೆ ಬೆಚ್ಚಗೇ ಇತ್ತು. ಅಮ್ಮನಿಗೆ ಚಳಿ ಜಾಸ್ತಿ ಅಂದುಕೊಂಡು ಸುಮ್ಮನಾದೆ. ಕುಶಾಲನಗರದಲ್ಲಿ ಕಾಫಿಗೆ ನಿಲ್ಲಿಸಿ ಆ ಕಡೆ ವೆಂಟ್‌ಗೆ ಕೈ ಇಟ್ಟರೆ ಅಮ್ಮ ಹೇಳಿದ್ದೇ ಸರಿ.

ಎಂಜಿನ್ ಸುತ್ತ ಹರಿದು ಕಾದ ಕೂಲೆಂಟ್‌ನಲ್ಲಿ, ಅಂದರೆ ಎಂಜಿನ್ ತಣಿಸುವ ದ್ರವದಲ್ಲಿ, ಸ್ವಲ್ಪ ಭಾಗ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೆ ಬರುತ್ತದೆ. ಅದೇ ಹೀಟರ್ ಕೋರ್. ಬ್ಲೋವರ್‌ನ ಗಾಳಿ ಅದರೊಳಗೆ ನುಗ್ಗಿ, ಬಿಸಿಯಾಗಿ ನಮ್ಮ ಕಡೆ ಬರುತ್ತದೆ. ಹಾಗಾಗಿ ತಪ್ಪು ನೀರಿನ ದಾರಿಯಲ್ಲಿರಬೇಕು, ಇಲ್ಲ ಗಾಳಿಯ ದಾರಿಯಲ್ಲಿರಬೇಕು. ಯಾವುದು ಅಂತ ಗೊತ್ತಾಗುವ ತನಕ ಡ್ಯಾಶ್‌ಬೋರ್ಡ್ ಬಿಚ್ಚಲು ಯಾರಿಗೂ ಬಿಡಬೇಡಿ. ಹಳೇ ಪ್ಲಾಸ್ಟಿಕ್ಕು, ಒಮ್ಮೆ ಬಿಚ್ಚಿದರೆ ಆಮೇಲೆ ಪ್ರತಿ ಹಂಪ್‌ಗೂ ಕಟಕಟ ಅನ್ನುತ್ತದೆ.

(ಶಾಟ್: ಬಾನೆಟ್ ಒಳಗೆ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ)

ಇಲ್ಲಿ ನೋಡಿ, ಹೆಬ್ಬೆರಳು ದಪ್ಪದ ಎರಡು ರಬ್ಬರ್ ಪೈಪ್ ಒಳಗೆ ಹೋಗಿವೆ. ಇಪ್ಪತ್ತು ನಿಮಿಷ ಗಾಡಿ ಓಡಿಸಿ, ನಾಬ್ ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಆಫ್ ಮಾಡಿ, ತಕ್ಷಣ ಎರಡನ್ನೂ ಬಟ್ಟೆ ಹಿಡಿದು ಮುಟ್ಟಿ. ಆಫ್ ಮಾಡಿದ ಮೇಲೂ ಫ್ಯಾನ್ ತಿರುಗಬಹುದು, ಕೈ ಜೋಪಾನ.

ಎರಡೂ ಒಂದೇ ಥರ ಸುಡುತ್ತಿದ್ದರೆ ನೀರು ಸರಿಯಾಗಿ ಹರಿಯುತ್ತಿದೆ. ತಪ್ಪು ಗಾಳಿ ಕಡೆ. ಗಾಳಿಯನ್ನು ಕೋರ್ ಕಡೆ ತಿರುಗಿಸುವ ಒಳಗಿನ ಫ್ಲಾಪ್‌ನ ಕೇಬಲ್ ಜಾರಿರಬಹುದು. ಮ್ಯೂಸಿಕ್ ಸಿಸ್ಟಮ್ ಹಾಕುವಾಗ ಡಕ್ಟ್ ಕಳಚಿರಬಹುದು, ಇದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ತೋಟದ ಮನೆಯಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಗೂಡು ಕಟ್ಟಿರಲೂಬಹುದು.

ಎರಡೂ ಬರೀ ಬೆಚ್ಚಗಿದ್ದು, ಮೀಟರ್‌ನ ಮುಳ್ಳೂ ಮೇಲೆ ಬರುತ್ತಿಲ್ಲವಾ? ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ದೊಡ್ಡ ರೇಡಿಯೇಟರ್‌ಗೆ ಬಿಡದ ವಾಲ್ವ್, ಇದೆಯಾ ಅಂತ ಮೊದಲು ನೋಡಿ. ತಮಾಷೆಯಲ್ಲ. "ಅದನ್ನ ತೆಗೆದ್ರೆ ಗಾಡಿ ಹೀಟ್ ಆಗಲ್ಲ ಸಾರ್" ಅಂತ ಕಿತ್ತು ಬಿಸಾಡುವ ಅಭ್ಯಾಸ ನಮ್ಮ ಕಡೆ ಹಳೇದು. ಸುಮಾರು 82 ಡಿಗ್ರಿಗೆ ತೆರೆದುಕೊಳ್ಳಬೇಕಾದ ವಾಲ್ವೇ ಇಲ್ಲದಿದ್ದರೆ ಎಂಜಿನ್ ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಬೇರೆ ದಂಡ.

ಓಡುವಾಗ ಬಿಸಿ, ಸಿಗ್ನಲ್‌ನಲ್ಲಿ ನಿಂತರೆ ತಣ್ಣಗೆ, ಜೊತೆಗೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಹಾಗಿದ್ದರೆ ಕೂಲೆಂಟ್ ಕಮ್ಮಿಯಾಗಿ, ಪೈಪ್‌ನಲ್ಲಿ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿರುವ ಸಾಧ್ಯತೆಯೇ ಹೆಚ್ಚು.

ನನ್ನ ಗಾಡಿಯಲ್ಲಿ ಒಂದು ಪೈಪ್ ಮುಟ್ಟಲಾಗದಷ್ಟು ಬಿಸಿ, ಇನ್ನೊಂದು ಉಗುರುಬೆಚ್ಚಗೆ. ಅಂದರೆ ಕೋರ್ ಕಟ್ಟಿಕೊಂಡಿದೆ. ಅದರ ತೆಳು ಕೊಳವೆಗಳಲ್ಲಿ ಅರ್ಧ ಮುಚ್ಚಿದರೆ ಆ ಭಾಗದ ಗಾಳಿ ಬಿಸಿಯಾಗದೆ ಹಾಗೇ ಹಾದುಹೋಗುತ್ತದೆ. ಆ ತಣ್ಣನೆ ಗಾಳಿ ಅಮ್ಮನ ಪಾಲಿಗೆ ಬಂದಿತ್ತು.

(ಶಾಟ್: ಪೈಪ್ ಬಿಚ್ಚಿದಾಗ ಬಕೆಟ್‌ಗೆ ಬೀಳುವ ನೀರು)

ಬಣ್ಣ ನೋಡಿ, ಥೇಟ್ ಡಿಕಾಕ್ಷನ್. ಈ ಬಿಳಿ ಚೂರುಗಳು ಬಚ್ಚಲಮನೆ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಹಕ್ಕಳೆ. ಕೂಲೆಂಟ್ ಬದಲು ಯಾರೋ ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದಿದ್ದಾರೆ. ತಪ್ಪು ನನ್ನದೂ ಇದೆ. ಬೆಂಗಳೂರಿನಲ್ಲಿ ನಾನು ಹೀಟರ್ ಹಾಕಿದ್ದೇ ಇಲ್ಲ. ಕೆಲವು ಹಳೇ ಗಾಡಿಗಳಲ್ಲಿ ನಾಬ್ ತಣ್ಣಗಿನ ಕಡೆ ಇದ್ದರೆ ಒಂದು ವಾಲ್ವ್ ಕೋರ್‌ನ ನೀರನ್ನೇ ನಿಲ್ಲಿಸುತ್ತದೆ. ನಿಂತ ನೀರಲ್ಲಿ ಗಸಿ ತಳಕ್ಕಿಳಿದು ಗಟ್ಟಿಯಾಗುತ್ತದೆ.

ಎಂಜಿನ್ ಪೂರ್ತಿ ಆರಿದ ಮೇಲೆ ಎರಡೂ ಪೈಪ್ ಬಿಚ್ಚಿ, ಕೂಲೆಂಟ್ ಹೊರಗೆ ಬರುವ ಬಾಯಿಯಿಂದ ತೋಟದ ಪೈಪ್‌ನಲ್ಲಿ ಉಲ್ಟಾ ನೀರು ಬಿಟ್ಟೆ. ನಿಧಾನಕ್ಕೆ. ವಾಟರ್ ವಾಶ್‌ನ ಪ್ರೆಶರ್ ಗನ್ ಇಟ್ಟರೆ ಹಳೇ ಕೋರ್ ಒಡೆಯಬಹುದು. ಒಡೆದರೆ ಸಿಹಿ ವಾಸನೆ, ಕಾಲಡಿ ಮ್ಯಾಟ್ ಒದ್ದೆ, ಗಾಜಿನ ಮೇಲೆ ಅಂಟಂಟು ಮಂಜು. ಬಕೆಟ್‌ನ ನೀರನ್ನು ಚರಂಡಿಗೆ ಚೆಲ್ಲಬೇಡಿ. ಕೂಲೆಂಟ್ ವಿಷ. ರುಚಿ ಸಿಹಿಯಾದ್ದರಿಂದ ಬೀದಿನಾಯಿಗಳು ನೆಕ್ಕುತ್ತವೆ.

ನೀರು ತಿಳಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಉಳಿದ ಹಳೇ ನೀರನ್ನೂ ಇಳಿಸಿ, ಹೊಸ ಕೂಲೆಂಟ್ ಹಾಕಿದೆ. ಗಾಡಿಯ ಮೂತಿ ಮೇಲಿರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿದ್ದಾಗಲೇ ಕ್ಯಾಪ್ ತೆಗೆದು, ಹೀಟರ್ ಫುಲ್ ಇಟ್ಟು ಸ್ಟಾರ್ಟ್ ಮಾಡಿದೆ. ಗುಳ್ಳೆ ನಿಂತ ಮೇಲೆ ಟಾಪ್‌ಅಪ್ ಮಾಡಿ ಮುಚ್ಚಿದೆ.

(ಶಾಟ್: ಮತ್ತೆ ಎರಡು ಥರ್ಮಾಮೀಟರ್)

ಬಲಗಡೆ 49. ಎಡಗಡೆ 47. ಈಗ ತಿಂಗಳಿಗೊಮ್ಮೆ ಹತ್ತು ನಿಮಿಷ ಹೀಟರ್ ಹಾಕುತ್ತೇನೆ, ಏಪ್ರಿಲ್‌ನಲ್ಲೂ, ಕಿಟಕಿ ನಾಲ್ಕೂ ಇಳಿಸಿಕೊಂಡು. ಆ ಹೊತ್ತಿಗೆ ಅಮ್ಮ ಮಾತ್ರ ಗಾಡಿ ಹತ್ತುವುದಿಲ್ಲ.