ಕುಬೇರ್ ಬೋಟಿಗೆ ವೀಸಾ ಕೇಳಿದವರ್ಯಾರು?

ನಮಸ್ಕಾರ, ಕಾರವಾರದಿಂದ ಮಾತಾಡ್ತಾ ಇದೀನಿ. ಭಯೋತ್ಪಾದನೆ ತಡೀಬೇಕಾದ್ರೆ ಮುಸ್ಲಿಮರಿಗೆ ವೀಸಾ ಕೊಡೋದನ್ನೇ ನಿಲ್ಲಿಸಬೇಕು ಅಂತ ಕೆಲವರು ಹೇಳ್ತಾರಲ್ಲ, ಅದಕ್ಕೆ ನನ್ನ ಉತ್ತರ ಇದು. ಬೈತಖೋಲ ಬಂದರಿನಲ್ಲಿ ಬೋಟ್ ಹತ್ತುವವರ ಕಿಸೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗುರುತಿನ ಕಾರ್ಡ್ ಇರ್ತದೆ. ಉಪ್ಪುನೀರು ತಾಗಿ ಫೋಟೋ ಅರ್ಧ ಅಳಿಸಿರ್ತದೆ. ಈ ಕಾರ್ಡಿನ ಗಡಿಬಿಡಿ ಶುರುವಾದದ್ದು 2008ರ ಮುಂಬೈ ದಾಳಿಯ ಮೇಲೆ. ಕರಾಚಿಯಿಂದ ಹೊರಟ ಹತ್ತು ಮಂದಿ ಪೋರಬಂದರಿನ ಕುಬೇರ್ ಬೋಟನ್ನು ನಡುಸಮುದ್ರದಲ್ಲಿ ಹಿಡಿದು, ಅದರಲ್ಲಿದ್ದವರನ್ನು ಕೊಂದು ಮುಂಬೈಗೆ ಬಂದರು. ಅವರ್ಯಾರೂ ವೀಸಾಕ್ಕೆ ಅರ್ಜಿ ಹಾಕಿರಲಿಲ್ಲ, ಮಾರಾಯ್ರೆ.

ವೀಸಾ ಮಾಡಿಸಿಕೊಂಡೇ ಬಂದವ ಬೇರೆ ಒಬ್ಬ ಇದ್ದ. ದಾಳಿಗೆ ಮೊದಲು ತಾಜ್ ಹೋಟೆಲಿನ ವಿಡಿಯೋ ಮಾಡಿಕೊಂಡು ಹೋದವ. ಪಾಸ್‌ಪೋರ್ಟು ಅಮೆರಿಕದ್ದು. ಹುಟ್ಟುಹೆಸರು ದಾವೂದ್ ಗಿಲಾನಿ, 2006ರಲ್ಲಿ ಡೇವಿಡ್ ಹೆಡ್ಲಿ ಆದ. ಧರ್ಮ ನೋಡಿ ಬಾಗಿಲು ಹಾಕ್ತೇವೆ ಅನ್ನೋರು ಕೊನೆಗೆ ನೋಡೋದು ಹೆಸರನ್ನೇ ಅಲ್ವಾ? ಅವನಿಗೆ ಅದು ಮೊದಲೇ ಗೊತ್ತಿತ್ತು.

2017ರಲ್ಲಿ ಟ್ರಂಪ್ ಏಳು ಮುಸ್ಲಿಂ ಬಹುಸಂಖ್ಯಾತ ದೇಶದವರನ್ನು ತಡೆದರು. 2001ರ ಸೆಪ್ಟೆಂಬರ್ 11ರಂದು ವಿಮಾನ ಅಪಹರಿಸಿದ 19 ಜನರಲ್ಲಿ 15 ಮಂದಿ ಸೌದಿಯವರು. ಸೌದಿ ಆ ಪಟ್ಟಿಯಲ್ಲಿ ಇರಲೇ ಇಲ್ಲ! 2018ರಲ್ಲಿ ಆ ನಿಷೇಧದ ಮೂರನೇ ಆವೃತ್ತಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 5-4ರಲ್ಲಿ ಎತ್ತಿಹಿಡಿಯಿತು. ಹಿಡಿಯಲಿ, ಕೋರ್ಟು ಮುಖ್ಯವಾಗಿ ನೋಡಿದ್ದು ಅಧ್ಯಕ್ಷರಿಗೆ ಅಧಿಕಾರ ಉಂಟೋ ಇಲ್ವೋ ಅಂತ, ಅದರಿಂದ ದಾಳಿ ನಿಲ್ತದೋ ಅಂತಲ್ಲ.

ಭಟ್ಕಳದ ನನ್ನ ಮುಸ್ಲಿಂ ಗೆಳೆಯ ದುಬೈಯಲ್ಲಿ ಬಟ್ಟೆ ಅಂಗಡಿಯ ಲೆಕ್ಕ ಬರೀತಾನೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಪಾಸ್‌ಪೋರ್ಟಿನ ಹುಟ್ಟೂರಿನ ಸಾಲಿಗೆ ಬಂದಕೂಡಲೇ ಅಧಿಕಾರಿಯ ಬೆರಳು ನಿಲ್ತದೆ. "ಸ್ವಲ್ಪ ಆಚೆ ಕೂತ್ಕೊಳ್ಳಿ." ಒಂದ್ಸಲ ಮೂರು ತಾಸು ಕೂರಿಸಿದ್ರು, ಅವನಮ್ಮ ಕಟ್ಟಿಕೊಟ್ಟ ಶಾವಿಗೆ ಬಿರಿಯಾನಿ ಹಳಸಿಹೋಯ್ತು. ಅವನು ನಗ್ತಾ ಹೇಳ್ತಾನೆ, ನನಗೆ ನಗು ಬರೋದಿಲ್ಲ. ಯಾಕಂದ್ರೆ ನಾಳೆ ಊರಲ್ಲಿ ಅನುಮಾನದ ಮನುಷ್ಯ ಕಂಡರೆ ಪೊಲೀಸರಿಗೆ ಫೋನ್ ಮಾಡಬೇಕಾದವ ಇವನೇ. ಹೀಗೆ ಕೂರಿಸಿದ್ರೆ ಮಾಡ್ತಾನಾ? ಹೆಡ್ಲಿಯ ಬಗ್ಗೆ ಮೊದಲೇ ಎಚ್ಚರಿಸಿದವರಲ್ಲಿ ಅವನ ಮೊರಾಕೋದ ಹೆಂಡತಿಯೂ ಒಬ್ಬಳು. ಇಸ್ಲಾಮಾಬಾದಿನ ಅಮೆರಿಕದ ರಾಯಭಾರ ಕಚೇರಿಗೇ ಹೋಗಿ ಹೇಳಿದ್ದಳು. ಕೇಳುವವರು ಕೇಳಲಿಲ್ಲ.

ತಪಾಸಣೆ ಬೇಡ ಅಂತ ನಾನು ಹೇಳ್ತಿಲ್ಲ. ಎಲ್ಲಿಗೆ ಹೋಗಿದ್ದೆ, ದುಡ್ಡು ಯಾರು ಕೊಟ್ಟರು ಅಂತ ಒಬ್ಬೊಬ್ಬನನ್ನೂ ಕೇಳಿ, ನನ್ನನ್ನೂ ಕೇಳಿ.

ಇನ್ನು ನಮ್ಮ ಕಾರವಾರದ ಸೀಬರ್ಡ್ ನೌಕಾನೆಲೆ. 2025ರ ಫೆಬ್ರವರಿಯಲ್ಲಿ ಅದರ ಮಾಹಿತಿ ಪಾಕಿಸ್ತಾನಕ್ಕೆ ಕೊಟ್ಟ ಆರೋಪದಲ್ಲಿ ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎ ನಮ್ಮ ಜಿಲ್ಲೆಯ ಇಬ್ಬರನ್ನು ಹಿಡಿಯಿತು. ಫೇಸ್‌ಬುಕ್ಕಿನಲ್ಲಿ ಹೆಣ್ಣಿನ ಹೆಸರಿನ ಗೆಳೆತನ, ಜೊತೆಗೆ ದುಡ್ಡು ಅಂತ ಆರೋಪ. ಇಬ್ಬರೂ ಇಲ್ಲಿಯವರೇ. ಯಾವ ವೀಸಾ ಕೌಂಟರಿನ ಮುಂದೆ ನಿಲ್ಲಿಸ್ತೀರಿ ಹೇಳಿ?