ಬೈಕಿನ ಇಂಜಿನ್ನಿಗೆ ಅಡಿಟಿವ್ ಬೇಕೆ?

ಕೇಳುಗರಿಗೆ ನಮಸ್ಕಾರ.

ಬಿಡಿಭಾಗಗಳ ಅಂಗಡಿಗೆ ಹೋದಾಗ, ಕೈಗೆಟುಕುವ ಕಪಾಟಿನಲ್ಲೇ ಸಾಲಾಗಿ ಜೋಡಿಸಿಟ್ಟ ಚಿಕ್ಕ ಚಿಕ್ಕ ಬಾಟಲಿಗಳನ್ನು ನೀವು ನೋಡಿರುತ್ತೀರಿ. ಒಂದನ್ನು ಇಂಜಿನ್ ಆಯಿಲಿಗೆ ಬೆರೆಸಿದರೆ ಸವೆತ ನಿಲ್ಲುತ್ತದೆ, ಇನ್ನೊಂದನ್ನು ಪೆಟ್ರೋಲಿಗೆ ಬೆರೆಸಿದರೆ ಪಿಕಪ್ ಮತ್ತು ಮೈಲೇಜ್ ಎರಡೂ ಹೆಚ್ಚುತ್ತವೆ ಎಂದು ಅವುಗಳ ಮೇಲೆ ಬರೆದಿರುತ್ತದೆ. ಅಡಿಟಿವ್ ಎಂದು ಕರೆಯುವ ಈ ದ್ರವಗಳಿಂದ ಮೋಟಾರ್ ಸೈಕಲ್ಲಿನ ಇಂಜಿನ್ನಿಗೆ ನಿಜವಾಗಿ ಪ್ರಯೋಜನವಿದೆಯೆ ಎಂಬುದು ಇಂದಿನ ಮಾತಿನ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಯಿಲಿಗೆ ಬೆರೆಸುವ ಬಾಟಲಿ ಬೈಕಿಗೆ ಬೇಕಾಗಿಲ್ಲ, ಎಷ್ಟೋ ವೇಳೆ ಅದರಿಂದ ಹಾನಿಯೇ ಆಗುತ್ತದೆ. ಪೆಟ್ರೋಲಿಗೆ ಬೆರೆಸುವವುಗಳಲ್ಲಿ ಒಂದೆರಡು ಬಗೆಯವು ಮಾತ್ರ, ಅದೂ ಇಂಥದ್ದೇ ತೊಂದರೆ ಎಂದು ಗೊತ್ತಾದಾಗ, ಕೆಲಸಕ್ಕೆ ಬರುತ್ತವೆ.

ಡಬ್ಬಿಯಲ್ಲಿ ಬರುವ ಇಂಜಿನ್ ಆಯಿಲ್ ಬರಿಯ ಎಣ್ಣೆಯಲ್ಲ. ಅದರಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಮೂಲ ಎಣ್ಣೆಯಿದ್ದರೆ, ಉಳಿದದ್ದೆಲ್ಲ ತಯಾರಕರೇ ಅಳೆದು ಬೆರೆಸಿದ ಅಡಿಟಿವ್‌ಗಳು. ಪೆಟ್ರೋಲ್ ಉರಿದಾಗ ಹುಟ್ಟುವ ಆಮ್ಲವನ್ನು ತಣಿಸುವ ಕ್ಯಾಲ್ಸಿಯಂ ಲವಣಗಳು, ಮಸಿಯನ್ನು ಒಂದೆಡೆ ಗಟ್ಟಿಯಾಗಲು ಬಿಡದೆ ತೇಲಿಸಿಡುವ ರಾಸಾಯನಿಕಗಳು, ನೊರೆ ಕಟ್ಟದಂತೆ ತಡೆಯುವ ಅತ್ಯಲ್ಪ ಪ್ರಮಾಣದ ಸಿಲಿಕೋನ್, ಬಿಸಿಯಾದಾಗ ಆಯಿಲ್ ತೀರ ತೆಳುವಾಗದಂತೆ ನೋಡಿಕೊಳ್ಳುವ ಪಾಲಿಮರ್ ಇವೆಲ್ಲ ಅದರಲ್ಲಿರುತ್ತವೆ. 1940ರ ದಶಕದಿಂದ ಬಳಕೆಯಲ್ಲಿರುವ, ಸತು ಮತ್ತು ರಂಜಕ ಸೇರಿದ ಒಂದು ಸಂಯುಕ್ತವೂ ಇರುತ್ತದೆ. ಅದನ್ನು ಜೆಡ್‌ಡಿಡಿಪಿ ಎನ್ನುತ್ತಾರೆ. ವಾಲ್ವುಗಳನ್ನು ತೆರೆಯುವ ಕ್ಯಾಮ್ ಮತ್ತು ರಾಕರ್ ಒಂದನ್ನೊಂದು ಒತ್ತಿ ಉಜ್ಜುವ ಜಾಗದಲ್ಲಿ ಎಣ್ಣೆಯ ಪದರ ಹರಿದುಹೋದಾಗ, ಆ ಬಿಸಿಗೆ ಮತ್ತು ಒತ್ತಡಕ್ಕೆ ಈ ಸಂಯುಕ್ತ ಒಡೆದು, ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ತೆಳುವಾದ ಪೊರೆಯಾಗಿ ಲೋಹದ ಮೇಲೆ ಕೂರುತ್ತದೆ. ಸವೆಯುವುದು ಆ ಪೊರೆ, ಉಕ್ಕಲ್ಲ. ಸವೆದಂತೆಲ್ಲ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ.

ಲೋಹದ ಮೇಲ್ಮೈಯಲ್ಲಿ ಕೂರುವುದಕ್ಕೆ ಈ ರಾಸಾಯನಿಕಗಳ ನಡುವೆಯೇ ಪೈಪೋಟಿ ಇರುತ್ತದೆ. ಶುಚಿಗೊಳಿಸುವ ಅಂಶವೋ ನುಣುಪು ಕೊಡುವ ಅಂಶವೋ ಅಳತೆ ಮೀರಿದರೆ, ಪೊರೆ ಕಟ್ಟಬೇಕಾದ ಅಂಶಕ್ಕೆ ಜಾಗ ಸಿಗುವುದಿಲ್ಲ. ಅಡುಗೆಯಲ್ಲಿ ಉಪ್ಪು ಸರಿಯಾಗಿ ಬಿದ್ದ ಮೇಲೆ ಇನ್ನೊಂದು ಹಿಡಿ ಉಪ್ಪು ಸುರಿದರೆ ರುಚಿ ಹೆಚ್ಚುವುದಿಲ್ಲವಷ್ಟೆ? ಆಯಿಲಿನ ವಿಷಯವೂ ಹಾಗೆಯೇ.

ಇಷ್ಟು ಮಾತು ಕಾರಿಗೂ ಬೈಕಿಗೂ ಒಂದೇ. ಆದರೆ ಬೈಕಿನಲ್ಲಿ ಇನ್ನೊಂದು ತೊಡಕಿದೆ. ಕಾರಿನ ಕ್ಲಚ್ ಸಾಮಾನ್ಯವಾಗಿ ಇಂಜಿನ್ ಆಯಿಲಿನಿಂದ ದೂರವಿರುತ್ತದೆ, ಗೇರ್ ಬಾಕ್ಸಿಗೂ ಬೇರೆ ಎಣ್ಣೆ ಇರುತ್ತದೆ. ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಾದರೋ ಒಂದೇ ಆಯಿಲ್ ಪಿಸ್ಟನ್ನಿನ ಕೆಳಗೂ ಗೇರುಗಳ ನಡುವೆಯೂ ಕ್ಲಚ್ ಪ್ಲೇಟುಗಳ ಮಧ್ಯದಲ್ಲೂ ಓಡಾಡುತ್ತದೆ. ಪಿಸ್ಟನ್ನಿಗೆ ನುಣುಪು ಬೇಕು; ಕ್ಲಚ್ ಪ್ಲೇಟಿಗೆ ಹಿಡಿತ ಬೇಕು. ಈ ಎರಡನ್ನೂ ಒಂದೇ ಎಣ್ಣೆಯಿಂದ ಪಡೆಯಬೇಕಾಗಿರುವುದರಿಂದಲೇ ಜಪಾನಿನಲ್ಲಿ 1998ರಲ್ಲಿ ಜಾಸೋ ಟಿ 903 ಎಂಬ ಮಾನದಂಡ ರೂಪುಗೊಂಡಿತು. ಡಬ್ಬಿಯ ಹಿಂಬದಿಯಲ್ಲಿ ಎಂಎ ಎಂದಿದ್ದರೆ ಅದು ಒದ್ದೆ ಕ್ಲಚ್ಚಿಗೆ, ಅಂದರೆ ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ, ತಕ್ಕ ಹಿಡಿತವಿರುವ ಆಯಿಲ್. ಎಂಬಿ ಎಂದಿದ್ದರೆ ನುಣುಪು ಹೆಚ್ಚು, ಕ್ಲಚ್ ಆಯಿಲಿನಲ್ಲಿ ಮುಳುಗಿರದ ಸ್ಕೂಟರುಗಳಿಗೆ ಅದು ಸರಿ. ಎಂಎ ಆಯಿಲಿಗೆ ಘರ್ಷಣೆ ಕಡಿಮೆ ಮಾಡುವ ಬಾಟಲಿಯೊಂದನ್ನು ಸುರಿದರೆ, ಡಬ್ಬಿಯ ಮೇಲಿನ ಆ ಎರಡಕ್ಷರದ ಭರವಸೆ ಅಲ್ಲಿಗೆ ಮುಗಿಯಿತು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಹಳೆಯ ಬೈಕಿಗೆ ಅಂಥದ್ದೊಂದು ಬಾಟಲಿ ಬೆರೆಸಿದ ಮೊದಲ ದಿನಗಳಲ್ಲಿ ಇಂಜಿನ್ನಿನ ಸದ್ದು ಮೆತ್ತಗಾದಂತೆ ತೋರಿತ್ತು. ಆಮೇಲೊಂದು ದಿನ ಏರು ದಾರಿಯಲ್ಲಿ, ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಇಂಜಿನ್ ಮಾತ್ರ ಅರಚಿತು, ಗಾಡಿ ಮುಂದಕ್ಕೆ ನುಗ್ಗಲಿಲ್ಲ. ಕ್ಲಚ್ ಸ್ಲಿಪ್ಪಾಗುತ್ತಿತ್ತು. ಬಿಚ್ಚಿ ನೋಡಿದಾಗ, ಒರಟಾಗಿ ಮಾಸಲು ಬಣ್ಣದಲ್ಲಿರಬೇಕಾಗಿದ್ದ ಫ್ರಿಕ್ಷನ್ ಪ್ಲೇಟುಗಳ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ಉಕ್ಕಿನ ಪ್ಲೇಟುಗಳ ಮೇಲೆ ಸುಟ್ಟ ನೀಲಿ ಕಲೆಗಳು ಮೂಡಿದ್ದವು. ಆಯಿಲ್ ಬದಲಿಸಿದರಷ್ಟೇ ಸಾಲಲಿಲ್ಲ, ಪ್ಲೇಟುಗಳನ್ನೂ ಹೊಸದಾಗಿ ಹಾಕಬೇಕಾಯಿತು.

ಬಾಟಲಿಯ ಗುಣವನ್ನು ತೋರಿಸಲು ಒಂದು ಪ್ರದರ್ಶನ ನಡೆಸುವುದುಂಟು. ತಿರುಗುವ ಉಕ್ಕಿನ ಬಳೆಗೆ ಒಂದು ಬೇರಿಂಗ್ ತುಂಡನ್ನು ಒತ್ತಿ ಹಿಡಿಯುತ್ತಾರೆ. ಬರಿಯ ಆಯಿಲಿನಲ್ಲಿ ಅದು ಕಿರುಗುಟ್ಟಿ ನಿಂತುಬಿಡುತ್ತದೆ, ದ್ರವ ಬೆರೆಸಿದೊಡನೆ ಸರಾಗವಾಗಿ ತಿರುಗುತ್ತದೆ. ನೋಡಿದವರು ನಂಬದಿರುವುದು ಕಷ್ಟ. ಆದರೆ ವಿಪರೀತ ಒತ್ತಡದ ಈ ಪರೀಕ್ಷೆ ಇಂಜಿನ್ನಿನ ಒಳಗಿನ ಸ್ಥಿತಿಯಲ್ಲ. ಕ್ಲೋರಿನ್ ಬೆರೆತ ಪ್ಯಾರಾಫಿನ್ ಈ ಯಂತ್ರದಲ್ಲಿ ಚೆನ್ನಾಗಿ ಗೆಲ್ಲುತ್ತದೆ. ಅದೇ ವಸ್ತು ಇಂಜಿನ್ನಿನ ಬಿಸಿಗೂ ತೇವಕ್ಕೂ ಸಿಕ್ಕಾಗ ಆಮ್ಲವನ್ನು ಹುಟ್ಟಿಸಿ ಲೋಹವನ್ನು ತಿನ್ನಬಲ್ಲದು. ಟೆಫ್ಲಾನ್ ಎಂದು ನಾವು ಕರೆಯುವ ಪಿಟಿಎಫ್‌ಇ ಪುಡಿ ಬೆರೆಸಿದ ಸ್ಲಿಕ್ 50 ಎಂಬ ಹೆಸರಾಂತ ಉತ್ಪನ್ನದ ಜಾಹೀರಾತುಗಳಿಗೆ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಆರೋಪ ಹೊರಿಸಿತು. 1997ರ ಒಪ್ಪಂದದಂತೆ, ಪುರಾವೆಯಿಲ್ಲದೆ ಅಂಥ ಮಾತುಗಳನ್ನಾಡುವುದನ್ನು ಆ ಕಂಪನಿ ಬಿಡಬೇಕಾಯಿತು.

ಹೊಗೆ ನಿಲ್ಲಿಸುವ ಬಾಟಲಿಗಳಲ್ಲಿ ಇರುವುದು ಮುಖ್ಯವಾಗಿ ಆಯಿಲನ್ನು ದಪ್ಪಗೊಳಿಸುವ ಪಾಲಿಮರ್. ಪಿಸ್ಟನ್ ರಿಂಗ್ ಸವೆದಿದ್ದರೆ ಕೆಲವು ದಿನ ಹೊಗೆ ಮರೆಯಾಗುತ್ತದೆ, ಸವೆತ ಹಾಗೆಯೇ ಉಳಿಯುತ್ತದೆ. ಗೇರ್ ಬೀಳುವಾಗ ಗಡಸಾಗುತ್ತಿದೆ ಎಂದು ಬಾಟಲಿ ಹುಡುಕುವವರೂ ಇದ್ದಾರೆ. ಗೇರಿನ ಹಲ್ಲುಗಳು ಆಯಿಲಿನ ಪಾಲಿಮರ್ ಸರಪಳಿಗಳನ್ನು ಕತ್ತರಿಸುತ್ತ ಹೋದಂತೆ ಆಯಿಲ್ ತೆಳುವಾಗುತ್ತದೆ. ಆ ಗಡಸುತನಕ್ಕೆ ಹಲವು ಸಲ ಕಾರಣ ಇದೇ. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೆ ಆಯಿಲ್ ಬದಲಿಸಿದರೆ ಅದು ಪರಿಹಾರವಾಗುತ್ತದೆ.

ಈಗ ಪೆಟ್ರೋಲಿನ ವಿಷಯಕ್ಕೆ ಬರೋಣ. ಇಲ್ಲಿ ನನ್ನ ನಿಲುವು ಇಷ್ಟು ಕಠಿಣವಲ್ಲ. ಪಾಲಿಈಥರ್ ಅಮೈನ್ ಎಂಬ ರಾಸಾಯನಿಕ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ತುದಿಯಲ್ಲೂ ಇನ್‌ಟೇಕ್ ವಾಲ್ವಿನ ಬೆನ್ನಿನ ಮೇಲೂ ಕಟ್ಟಿಕೊಂಡ ಕಿಟ್ಟವನ್ನು ನಿಜವಾಗಿಯೂ ಕರಗಿಸುತ್ತದೆ. ದಹನಕೋಣೆಯ ಬಿಸಿಯನ್ನು ತಾಳಿಕೊಂಡು ಅಲ್ಲಿನ ಕಾರ್ಬನ್ನನ್ನೂ ಕಡಿಮೆ ಮಾಡುತ್ತದೆ. ಕೊಳ್ಳುವಾಗ ಬಾಟಲಿಯ ಮೇಲೆ ಈ ಹೆಸರಿದೆಯೇ ಎಂದು ನೋಡಿರಿ. ಅದರ ಸ್ವಲ್ಪ ಪಾಲು ರಿಂಗುಗಳನ್ನು ದಾಟಿ ಆಯಿಲಿಗೆ ಇಳಿಯುವುದರಿಂದ, ಆಯಿಲ್ ಬದಲಿಸುವ ಸಮಯಕ್ಕೆ ಸ್ವಲ್ಪ ಮೊದಲು ಒಂದು ಟ್ಯಾಂಕಿಗೆ ಬಳಸುವುದು ಒಳ್ಳೆಯದು. ಶುಚಿಯಾಗಿರುವ ಇಂಜಿನ್ನಿಗೆ ಇದರಿಂದ ಯಾವ ಹೆಚ್ಚುಗಾರಿಕೆಯೂ ಬರುವುದಿಲ್ಲ. ಕಿಟ್ಟದಿಂದ ಕಳೆದುಕೊಂಡದ್ದನ್ನು ಮರಳಿ ಕೊಡುವುದಷ್ಟೇ ಅದರ ಕೆಲಸ.

ಕಾರ್ಬ್ಯುರೇಟರ್ ಇರುವ ಬೈಕಿನಲ್ಲಿ ಅದಕ್ಕೂ ಒಂದು ಮಿತಿಯಿದೆ. ಇಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಒದಗಿಸುವ ಪೈಲಟ್ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಕಿರಿದಾದ ರಂಧ್ರ ಕಾಣಬೇಕು. ಅರ್ಧ ಮುಚ್ಚಿದ್ದರೆ ಪೆಟ್ರೋಲಿನೊಡನೆ ಹರಿಯುವ ಶುಚಿಕಾರಕ ಅದನ್ನು ತೆರೆದೀತು; ಪೂರ್ತಿ ಮುಚ್ಚಿದ್ದರೆ ಅಲ್ಲಿ ಪೆಟ್ರೋಲೇ ಹರಿಯದ ಕಾರಣ ಬಾಟಲಿಯಲ್ಲಿರುವುದು ಅಲ್ಲಿಗೆ ತಲುಪುವುದೇ ಇಲ್ಲ. ಆಗ ಬಿಚ್ಚಿ ತೊಳೆಯಲೇಬೇಕು.

ಆಕ್ಟೇನ್ ಹೆಚ್ಚಿಸುವ ಬಾಟಲಿಯ ಮೇಲಿನ ಅಂಕಿಯನ್ನು ಎಚ್ಚರದಿಂದ ಓದಬೇಕು. ಮೂರು ಪಾಯಿಂಟ್ ಎಂದಿದ್ದರೆ ಹಲವು ಸಲ ಅದರ ಅರ್ಥ 0.3 ಆಕ್ಟೇನ್ ಎಂದು. ಹತ್ತು ಪಾಯಿಂಟಿಗೆ ಒಂದು ಆಕ್ಟೇನ್ ಎಂಬುದು ಅವರ ಲೆಕ್ಕ. ಆಕ್ಟೇನ್ ಎಂದರೆ ಪೆಟ್ರೋಲಿನೊಳಗಿನ ಶಕ್ತಿಯಲ್ಲ, ಒತ್ತಡಕ್ಕೆ ಸಿಕ್ಕಾಗ ತಾನಾಗಿ ಸಿಡಿಯದೆ ತಾಳಿಕೊಳ್ಳುವ ಗುಣ. ಹಾಗೆ ತಾನಾಗಿ ಸಿಡಿಯುವ ನಾಕಿಂಗ್ ಇಲ್ಲದ ಇಂಜಿನ್ನಿಗೆ ಅದನ್ನು ಹೆಚ್ಚಿಸಿ ಆಗುವುದೇನೂ ಇಲ್ಲ. ಕಬ್ಬಿಣಾಂಶವಿರುವ ಫೆರೊಸೀನ್ ಬಳಸಿದರೆ ಸ್ಪಾರ್ಕ್ ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ತುಕ್ಕಿನ ಕೆಂಪು ಪದರ ಕೂರುತ್ತದೆ, ಆ ಪದರದ ಮೂಲಕ ವಿದ್ಯುತ್ ಸೋರಿ ಇಂಜಿನ್ ಮಿಸ್ಸಾಗತೊಡಗುತ್ತದೆ.

ಕೊನೆಯದಾಗಿ, ನಾನು ಮನಸಾರೆ ಒಪ್ಪುವ ಇನ್ನೊಂದು ಬಾಟಲಿಯ ಮಾತು. ಬೈಕನ್ನು ಹಲವು ತಿಂಗಳು ಓಡಿಸದೆ ನಿಲ್ಲಿಸುವವರು ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಜರ್ ಬಳಸಬಹುದು. ಆಗಲೇ ಹಳತಾಗಿ ಅಂಟಾದ ಪೆಟ್ರೋಲನ್ನು ಅದು ಹೊಸದಾಗಿಸಲಾರದು. ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ನೀರು ಹೀರಿಕೊಂಡು ಟ್ಯಾಂಕಿನ ತಳಕ್ಕೆ ಇಳಿದಿದ್ದರೆ ಅದನ್ನೂ ಮತ್ತೆ ಬೆರೆಸಲಾರದು. ಆದ್ದರಿಂದ ತಾಜಾ ಪೆಟ್ರೋಲಿಗೇ ಅದನ್ನು ಹಾಕಿ, ಟ್ಯಾಂಕನ್ನು ಬಹುಮಟ್ಟಿಗೆ ತುಂಬಿಸಿ, ಆ ಮಿಶ್ರಣ ಜೆಟ್ಟು ಮತ್ತು ಇಂಜೆಕ್ಟರುಗಳವರೆಗೂ ಹೋಗಿ ಸೇರುವಂತೆ ಹತ್ತು ನಿಮಿಷ ಇಂಜಿನ್ ಓಡಿಸಿದ ಮೇಲೆಯೇ ಬೈಕನ್ನು ನಿಲ್ಲಿಸಬೇಕು.

ನಮಸ್ಕಾರ.