ಸಂಜೆ ಆರೂವರೆಗೆ ಮರದ ಮೇಲೆ ನೋಡಿ

ಸಂಜೆ ಆರೂಕಾಲು, ಬೆಂಗಳೂರಿನ ಜಯನಗರದ ಒಂದು ಬಸ್ ಸ್ಟಾಪ್. ಬಸ್ಸಿನ ಹಾರ್ನನ್ನೂ ಮೀರಿಸಿ ಕೇಳುತ್ತಿರುವ ಈ ಗದ್ದಲ ಮೇಲಿನ ಹೊಂಗೆ ಮರದ್ದು. ಎಲ್ಲಾ ಗೊರವಂಕಗಳು! ಎಲೆ ಎಷ್ಟು ದಟ್ಟ ಅಂದರೆ ದನಿ ಕೇಳುತ್ತದೆ, ಹಕ್ಕಿ ಕಾಣುವುದೇ ಇಲ್ಲ.

ಒಂದು ಕೊಂಬೆಗೆ ಕ್ಯಾಮೆರಾ ಜೂಮ್ ಮಾಡಿದ ಮೇಲೆ ಕಂಡವು. ನಾಲ್ಕು ಗೊರವಂಕ ಸಾಲಾಗಿ ಕೂತಿವೆ. ಐದನೆಯದು ಬಂದು ನಡುವೆ ತೂರಿಕೊಳ್ಳಲು ನೋಡುತ್ತದೆ. ಪಕ್ಕದ್ದು ಕುಕ್ಕುತ್ತದೆ. ಇದು ಹಾರಿ, ಒಂದು ಸುತ್ತು ಹೊಡೆದು, ಮತ್ತೆ ಅಲ್ಲಿಗೇ ಬರುತ್ತದೆ. ಕೊನೆಗೆ ಒಂದು ಹಕ್ಕಿ ಅರ್ಧ ಹೆಜ್ಜೆ ಸರಿದು ಜಾಗ ಬಿಟ್ಟಿತು. ಕತ್ತಲಾಗುವವರೆಗೂ ಪ್ರತಿ ಕೊಂಬೆಯಲ್ಲೂ ಇದೇ ಕಥೆ.

'ಹಕ್ಕಿ ಗೂಡು ಸೇರುವ ಹೊತ್ತು' ಅಂತ ನಾವೆಲ್ಲ ಹೇಳುತ್ತೇವೆ, ಅಲ್ವಾ? ಆದರೆ ಈ ಮರದಲ್ಲಿ ಇವುಗಳ ಗೂಡೇ ಇಲ್ಲ. ಹೆಚ್ಚಿನ ಹಕ್ಕಿಗಳಿಗೆ ಗೂಡು ಬಾಣಂತನದ ಮನೆ ಇದ್ದ ಹಾಗೆ. ಮರಿ ಹಾರಿದ ಮೇಲೆ ಅದರ ಕೆಲಸ ಮುಗಿಯಿತು. ಉಳಿದ ರಾತ್ರಿಗಳೆಲ್ಲ ಹೀಗೆ ಕೊಂಬೆ ಮೇಲೆ ತಂಗುವುದೇ. ಕೆಳಗಿನ ಬೋರ್ಡಿನಲ್ಲಿ 'ಪ್ರಯಾಣಿಕರ ತಂಗುದಾಣ' ಅಂತಿದೆ. ಹಕ್ಕಿಗಳ ತಂಗುದಾಣ ಅದರ ನೆತ್ತಿಯ ಮೇಲೇ ಇದೆ.

ಎಲ್ಲವೂ ಹೀಗೇ ಮಲಗುವುದಿಲ್ಲ. ಕುಟ್ರು ಹಕ್ಕಿ ಪೊಟರೆಯೊಳಗೆ ಮಲಗುತ್ತದೆ. ಸಿಂಪಿಗ ಪುಕ್ಕ ಉಬ್ಬಿಸಿ ಪುಟ್ಟ ಉಂಡೆಯಾಗಿಬಿಡುತ್ತದೆ, ತಲೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಕಳ್ಳಿಪೀರಗಳು ಮೈಗೆ ಮೈ ಒತ್ತಿ ಸಾಲಾಗಿ ಕೂರುತ್ತವೆ. ಬೆಳ್ಳಕ್ಕಿ, ನೀರುಕಾಗೆಗಳಿಗೆ ಹಲಸೂರು ಕೆರೆಯಂಥ ಕಡೆ ನೀರಿನ ನಡುವೆ ಇರುವ ದ್ವೀಪದ ಮರಗಳು ಇಷ್ಟ. ಅಲ್ಲಿಗೆ ನಾಯಿ, ಬೆಕ್ಕು ಸುಲಭವಾಗಿ ಬರಲಾರವು.

ಒಟ್ಟಿಗೆ ಮಲಗುವುದು ಯಾಕೆ? ಅಪಾಯ ಬಂದರೆ ಯಾವುದಾದರೂ ಒಂದು ಕೂಗಿ ಎಬ್ಬಿಸುತ್ತದೆ. ಪೀಟರ್ ವಾರ್ಡ್, ಅಮೋಟ್ಸ್ ಜಹಾವಿ ಎಂಬ ವಿಜ್ಞಾನಿಗಳು 1973ರಲ್ಲಿ ಇನ್ನೊಂದು ಕಾರಣ ಮುಂದಿಟ್ಟರು. ಹಿಂದಿನ ದಿನ ಹೊಟ್ಟೆ ತುಂಬದ ಹಕ್ಕಿ, ಬೆಳಿಗ್ಗೆ ಮೇವು ಗೊತ್ತಿರುವ ಹಕ್ಕಿಯ ಹಿಂದೆ ಹೊರಡುತ್ತದೆ ಅಂತ. ಎಲ್ಲ ಹಕ್ಕಿಗೂ ಇದು ಹೊಂದುವುದಿಲ್ಲ, ಆದರೂ ನನಗೆ ತುಂಬಾ ಇಷ್ಟವಾದ ವಿಚಾರ ಇದು. 1999ರಲ್ಲಿ ಪ್ರಕಟವಾದ ಬಾತುಕೋಳಿಗಳ ಅಧ್ಯಯನ ಇನ್ನೂ ಚೆಂದ. ಸಾಲಿನ ತುದಿಯಲ್ಲಿ ಮಲಗಿದ ಬಾತು ನಡುವಿನವುಗಳಿಗಿಂತ ಹೆಚ್ಚು ಹೊತ್ತು ಹೊರಗಡೆಯ ಕಣ್ಣನ್ನು ತೆರೆದಿಟ್ಟುಕೊಂಡು, ಅರ್ಧ ಮಿದುಳಿಗೆ ಮಾತ್ರ ನಿದ್ದೆ ಕೊಡುತ್ತಿತ್ತು. ನಡುವೆ ಇದ್ದವು ಹೆಚ್ಚಾಗಿ ನೆಮ್ಮದಿಯಾಗಿ ಎರಡೂ ಕಣ್ಣು ಮುಚ್ಚುತ್ತಿದ್ದವು. ನಡುವಿನ ಜಾಗಕ್ಕೆ ಬೆಲೆ ಇದೆ!

ಈಗ ನನಗೆ ಮುಖ್ಯ ಅನಿಸುವ ಮಾತು. ಮರ ಕಡಿಯುವ ಮುಂಚೆ 'ಗೂಡು ಇದೆಯಾ' ಅಂತ ನೋಡುವವರಿದ್ದಾರೆ, ಒಳ್ಳೆಯದೇ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಈ ಹೊಂಗೆ ಕೆಳಗೆ ನಿಂತರೆ ಒಂದು ಗೊರವಂಕವೂ ಕಾಣಲಿಕ್ಕಿಲ್ಲ. ಮರ ಖಾಲಿ ಅಂತ ಬರೆದುಕೊಂಡು ಹೋಗಬಹುದು. ಅವತ್ತು ಸಂಜೆ ಇಷ್ಟೂ ಹಕ್ಕಿ ಎಲ್ಲಿಗೆ ಹೋಗಬೇಕು? ಗೂಡು ಬೇಕಾಗುವುದು ಕೆಲವು ವಾರ, ಮಲಗುವ ಜಾಗ ವರ್ಷವಿಡೀ ಬೇಕು.

ನಗರದಲ್ಲಿ ಹೆಚ್ಚಿನ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನಿಮ್ಮ ರಸ್ತೆಯ ಮರಕ್ಕೆ ನೋಟಿಸ್ ಅಂಟಿಸಿದ್ದರೆ, ಸಂಜೆ ಆರರಿಂದ ಏಳರವರೆಗೆ ಮರದ ಕೆಳಗೆ ನಿಂತು ವಿಡಿಯೋ ಮಾಡಿ. ಫ್ಲಾಷ್ ಮಾತ್ರ ಬೇಡ, ಮಲಗಿದ ಹಕ್ಕಿ ಬೆದರಿ ಕತ್ತಲಲ್ಲಿ ಹಾರಿಬಿಡುತ್ತದೆ. ಬೆಳಿಗ್ಗೆ ಹೋಗಿ ಕೆಳಗೆ ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ ಬಿದ್ದ ಬಿಳಿ ಹಿಕ್ಕೆಯ ಫೋಟೋ ಕೂಡ ತೆಗೆಯಿರಿ. ಎರಡನ್ನೂ ಆಕ್ಷೇಪಣೆ ಪತ್ರದ ಜೊತೆ ಲಗತ್ತಿಸಿ, ತಾರೀಕು, ಹೊತ್ತು ಬರೆದು ಕೊಡಿ.